ಹಬ್ಬದ ಕುಕೀ: ಒಂದು ವಲಸೆಯ ಇತಿಹಾಸ

ಡಿಸೆಂಬರ್ ತಿಂಗಳು ಅರ್ಧ ಕಳೆಯಿತೆಂದರೆ ನಮ್ಮ ಮಹಾನಗರಗಳ ಬೇಕರಿಗಳ ಗಾಜಿನ ಕಪಾಟುಗಳಿಗೆ ಬೇರೆಯೇ ಕಳೆ ಬರುತ್ತದೆ. ನಕ್ಷತ್ರ, ಗಂಟೆ, ಮೊನೆಯಾದ ಮರ, ಗಡ್ಡದ ಮುದುಕ, ಹೀಗೆ ನಾನಾ ಆಕಾರದ ಬಿಸ್ಕತ್ತುಗಳು. ಅವುಗಳ ಮೈಮೇಲೆ ಬಿಳಿ, ಕೆಂಪು, ಹಸುರು ಸಕ್ಕರೆಯ ಗೆರೆಗಳು, ಬೊಟ್ಟುಗಳು. ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳು ಇವುಗಳನ್ನು ಕುಕೀ ಎಂದು ಕರೆಯುತ್ತಾರೆ. ಹಿರಿಯರಾದ ನಮಗೆ ಅವು ಸಕ್ಕರೆ ಬಳಿದ ಬಿಸ್ಕತ್ತುಗಳು, ಅಷ್ಟೆ.

ಇಷ್ಟು ಸಣ್ಣ ತಿಂಡಿಗೂ ಒಂದು ಇತಿಹಾಸ ಉಂಟೇ ಎಂದು ವಾಚಕರು ಕೇಳಬಹುದು. ಉಂಟು. ರಾಜರ, ಯುದ್ಧಗಳ ಇತಿಹಾಸಕ್ಕಿಂತ ನಮ್ಮಂಥವರಿಗೆ ಹತ್ತಿರವಾದ ಇತಿಹಾಸ ಅದು. ಏಕೆಂದರೆ ಈ ಕುಕೀ ಬೆಳೆದದ್ದು ಊರು ಬಿಟ್ಟು ಬೇರೆ ನಾಡಿಗೆ ಹೋದವರ ಮನೆಗಳಲ್ಲಿ. ಅವರು ಏನನ್ನು ಉಳಿಸಿಕೊಂಡರು, ಏನನ್ನು ಕಳೆದುಕೊಂಡರು ಎಂಬುದರ ಲೆಕ್ಕ ಈ ತಿಂಡಿಯಲ್ಲಿ ಅಡಗಿದೆ.

ಪದಾರ್ಥದ ಪರಿಚಯ

ಮೊದಲು ಪದಾರ್ಥವೇನೆಂದು ನೋಡೋಣ. ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ, ಚಿಟಿಕೆ ಸೋಡಾ ಅಥವಾ ಬೇಕಿಂಗ್ ಪೌಡರ್. ಇವುಗಳನ್ನು ಸೇರಿಸಿ ನಾದಿ, ಲಟ್ಟಿಸಿ, ತಗಡಿನ ಅಚ್ಚಿನಿಂದ ಕತ್ತರಿಸಿ, ಬಿಸಿ ಒಲೆಯೊಳಗಿಟ್ಟು ಬೇಯಿಸಿದರೆ ಕುಕೀ. ಒಂದು ರೀತಿಯಲ್ಲಿ ಇದು ನಮ್ಮ ಶಂಕರಪೋಳಿಯ ಸೋದರಸಂಬಂಧಿ. ಶಂಕರಪೋಳಿ ಎಣ್ಣೆಗೆ ಬೀಳುತ್ತದೆ, ಇದು ಒಲೆಯ ಗೂಡಿಗೆ ಹೋಗುತ್ತದೆ.

ಬಿ.ಎಸ್‌ಸಿ. ತರಗತಿಯಲ್ಲಿ ರಸಾಯನಶಾಸ್ತ್ರ ಓದಿ, ಅನಂತರ ಕಡತಗಳ ನಡುವೆ ಕಾಲ ಕಳೆಯುತ್ತಿರುವ ನನ್ನಂಥವನಿಗೆ ಇದರ ಒಳಗಿನ ಕೆಲಸವೂ ಸೋಜಿಗದ್ದೇ. ಬೆಣ್ಣೆ ಬೇಗ ಕರಗಿದರೆ ಹಿಟ್ಟು ಹರಡಿಕೊಂಡು ನಕ್ಷತ್ರವೆಲ್ಲ ದುಂಡಗಾಗುತ್ತದೆ. ಆದ್ದರಿಂದ ನಾದಿದ ಹಿಟ್ಟನ್ನು ತಣ್ಣಗೆ ಇಟ್ಟು, ಬಳಿಕ ಕತ್ತರಿಸುತ್ತಾರೆ. ಸೋಡಾ ಹೆಚ್ಚಾದರೆ ಉಬ್ಬಿ ಆಕಾರ ಕೆಡುತ್ತದೆ. ಅದಕ್ಕೇ ಚಿಟಿಕೆ ಮಾತ್ರ. ಮೇಲಿನ ಅಲಂಕಾರಕ್ಕೆ ಮೊಟ್ಟೆಯ ಬಿಳಿಭಾಗಕ್ಕೆ ನುಣ್ಣಗಿನ ಸಕ್ಕರೆ ಪುಡಿ ಸೇರಿಸಿ ಚೆನ್ನಾಗಿ ಕಡೆಯುತ್ತಾರೆ. ಇದೇ ಐಸಿಂಗ್. ಕಾಗದದ ಪೊಟ್ಟಣದ ತುದಿಯಲ್ಲಿ ಸಣ್ಣ ತೂತು ಮಾಡಿ, ಹೆಂಗಳೆಯರು ಮೆಹಂದಿ ಹಾಕುವಂತೆ ಅದನ್ನು ಹಿಂಡಿ ಗೆರೆ ಎಳೆಯುತ್ತಾರೆ. ನೀರಿನಂಶ ಆರಿದ ಮೇಲೆ ಸಕ್ಕರೆಯ ಸಣ್ಣ ಹರಳುಗಳು ಗಟ್ಟಿಯಾಗಿ ಕೂರುತ್ತವೆ.

ಮರದ ಅಚ್ಚುಗಳ ಕಾಲ

ಯುರೋಪಿನಲ್ಲಿ ಸಕ್ಕರೆ ದುರ್ಲಭವಾಗಿದ್ದ ಕಾಲದಲ್ಲಿ ಹಬ್ಬದ ಸಿಹಿಗೆ ಜೇನುತುಪ್ಪವೇ ಗತಿ. ಜರ್ಮನರ ಲೆಬ್‌ಕೂಖೆನ್ ಎಂಬುದು ಜೇನು ಮತ್ತು ಮಸಾಲೆ ಹಾಕಿದ ಬಿಲ್ಲೆ. ನ್ಯೂರೆಂಬರ್ಗ್ ನಗರದಲ್ಲಿ ಇದನ್ನು ಮಾಡುವವರು ಎಷ್ಟು ಬಲಿಷ್ಠರಾಗಿದ್ದರೆಂದರೆ 1643ರಲ್ಲಿ ಅವರದೇ ಪ್ರತ್ಯೇಕ ವೃತ್ತಿಸಂಘ ಏರ್ಪಟ್ಟಿತು. ದಕ್ಷಿಣ ಜರ್ಮನಿಯ ಸ್ಪ್ರಿಂಗರ್ಲೆ ಎಂಬ ಸೋಂಪಿನ ಪರಿಮಳದ ಬಿಳಿ ಬಿಸ್ಕತ್ತಿಗೆ ಕೆತ್ತನೆಯ ಮರದ ಅಚ್ಚನ್ನು ಒತ್ತುತ್ತಾರೆ. ಪ್ರಾಣಿ, ಪಕ್ಷಿ, ಹೂವು, ಕುದುರೆ ಸವಾರ, ಬೈಬಲಿನ ಪ್ರಸಂಗಗಳು ಹೀಗೆ ಹಿಟ್ಟಿನ ಮೇಲೆ ಮೂಡುತ್ತವೆ. ಒಂದು ರಾತ್ರಿ ಒಣಗಲು ಬಿಟ್ಟು ಮರುದಿನ ಬೇಯಿಸಿದರೆ ಚಿತ್ರ ಅಳಿಸುವುದಿಲ್ಲ. ಹಾಲೆಂಡಿನಲ್ಲಿ ಸಂತ ನಿಕೊಲಾಸನ ಹಬ್ಬಕ್ಕೆ, ಅಂದರೆ ಡಿಸೆಂಬರ್ 5ರ ಸಂಜೆಗೆ, ಸ್ಪೆಕ್ಯುಲಾಸ್ ಎಂಬ ಮಸಾಲೆ ಬಿಸ್ಕತ್ತನ್ನು ಇದೇ ರೀತಿ ಮರದ ಅಚ್ಚಿನಲ್ಲಿ ತೆಗೆಯುತ್ತಾರೆ.

ಇದನ್ನು ಓದುವಾಗ ವಾಚಕರಿಗೆ ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಾಗದೆ ಇರಲಾರದು. ನೀರಿನಲ್ಲಿ ನೆನೆಸಿದ ಮರದ ಅಚ್ಚುಗಳನ್ನು ಜೋಡಿಸಿ ದಾರ ಕಟ್ಟಿ, ಹಾಲು ಹಾಕಿ ಕೊಳೆ ತೆಗೆದ ಸಕ್ಕರೆ ಪಾಕವನ್ನು ಹೊಯ್ದು, ಆರಿದ ಮೇಲೆ ಬಿಡಿಸಿದರೆ ಆನೆ, ಕುದುರೆ, ಗಿಳಿ, ಮೀನು, ತುಳಸಿಕಟ್ಟೆ, ಗೋಪುರ ಹೊರಬರುತ್ತವೆ. ಅವರದು ಹಿಟ್ಟು, ನಮ್ಮದು ಬರಿಯ ಸಕ್ಕರೆ. ಅವರದಕ್ಕೆ ಬೆಂಕಿಯ ಒಲೆ ಬೇಕು, ನಮ್ಮದು ಗಾಳಿಗೇ ಗಟ್ಟಿಯಾಗುತ್ತದೆ. ಒಬ್ಬರು ಇನ್ನೊಬ್ಬರನ್ನು ನೋಡಿ ಕಲಿತರೆಂದು ಹೇಳಲು ಆಧಾರವೇನೂ ಬೇಕಾಗಿಲ್ಲ. ವರ್ಷಕ್ಕೊಮ್ಮೆ ಸಿಹಿಗೆ ಒಂದು ರೂಪ ಕೊಟ್ಟು ನೆರೆಯವರ ಕೈಗಿಡಬೇಕೆಂಬ ಆಸೆ ಎಲ್ಲ ಜನಕ್ಕೂ ಸಹಜ.

ಸಕ್ಕರೆ ನಡೆದ ದಾರಿ

ಆದರೆ ಆ ಸಕ್ಕರೆ ಮಾತ್ರ ನಮ್ಮ ಕಡೆಯಿಂದಲೇ ಹೋದದ್ದು. ಕಬ್ಬಿನ ರಸವನ್ನು ಕುದಿಸಿ ಹರಳಾಗಿಸುವ ವಿದ್ಯೆ ಭಾರತದ್ದು. 647ರಲ್ಲಿ ಚೀನದ ಟಾಂಗ್ ವಂಶದ ಚಕ್ರವರ್ತಿ ತೈಜಾಂಗ್ ಈ ವಿದ್ಯೆ ಕಲಿತು ಬರಲೆಂದೇ ಮಗಧಕ್ಕೆ ಜನರನ್ನು ಕಳುಹಿಸಿದ್ದನು. ನಮ್ಮ ಶರ್ಕರೆಯೇ ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್, ಜರ್ಮನಿನಲ್ಲಿ ಝುಕರ್, ಇಂಗ್ಲಿಷಿನಲ್ಲಿ ಶುಗರ್ ಆಯಿತು. ನಮ್ಮ ಖಂಡವೇ ಅವರ ಕ್ಯಾಂಡಿ. ಅರಬರು ಕಬ್ಬನ್ನು ಮೆಡಿಟರೇನಿಯನ್ ಸಮುದ್ರದ ಸುತ್ತ ಹರಡಿದರು. 1493ರಲ್ಲಿ ಕೊಲಂಬಸ್ ತನ್ನ ಎರಡನೆಯ ಯಾತ್ರೆಯಲ್ಲಿ ಅದನ್ನು ಅಮೆರಿಕದ ದ್ವೀಪಗಳಿಗೆ ಒಯ್ದನು.

ಅಲ್ಲಿಂದ ಮುಂದಿನ ಕಥೆ ಸಿಹಿಯಲ್ಲ. 16ರಿಂದ 19ನೇ ಶತಮಾನದವರೆಗೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಆಫ್ರಿಕನರನ್ನು ಗುಲಾಮರನ್ನಾಗಿ ಹಡಗು ಹತ್ತಿಸಿದರು. ಅವರಲ್ಲಿ ಬಹುಭಾಗ ಕಬ್ಬಿನ ತೋಟಗಳ ಪಾಲಾದರು. ಯುರೋಪಿನ ಸಾಮಾನ್ಯರ ಮನೆಗೂ ಸಕ್ಕರೆ ಬಂದದ್ದು ಅವರ ಬೆವರು ರಕ್ತಗಳಿಂದ. 1791ರಲ್ಲಿ ಇಂಗ್ಲೆಂಡಿನಲ್ಲಿ ಈ ಸಕ್ಕರೆಯನ್ನು ತಿನ್ನುವುದಿಲ್ಲವೆಂದು ಸಾವಿರಾರು ಕುಟುಂಬಗಳು ಶಪಥ ಮಾಡಿದವು. ಬ್ರಿಟಿಷರು ಗುಲಾಮಗಿರಿಯನ್ನು ರದ್ದು ಮಾಡಿದ ಮೇಲೆ, 1834ರಿಂದ, ತೋಟಗಳಿಗೆ ಆಳು ಬೇಕೆಂದು ನಮ್ಮ ದೇಶದ ಬಡವರನ್ನು ಕರಾರಿನ ಮೇಲೆ ಮಾರಿಷಸ್‌ಗೆ ಸಾಗಿಸಿದರು. ಇತ್ತ ಜರ್ಮನಿಯಲ್ಲಿ ಮಾರ್ಗ್ರಾಫ್ ಎಂಬ ರಸಾಯನಶಾಸ್ತ್ರಜ್ಞ 1747ರಲ್ಲಿ ಬೀಟ್ ಗೆಡ್ಡೆಯಲ್ಲಿಯೂ ಇದೇ ಸಕ್ಕರೆಯಿದೆಯೆಂದು ತೋರಿಸಿದ್ದನು. ಅವನ ಶಿಷ್ಯ ಆಖಾರ್ಡ್ 1801ರಲ್ಲಿ ಅದರ ಕಾರ್ಖಾನೆ ತೆರೆದನು. 19ನೇ ಶತಮಾನ ಮುಗಿಯುವ ಹೊತ್ತಿಗೆ ಸಕ್ಕರೆ ಅಗ್ಗವಾಗಿ, ಹಬ್ಬದ ಬಿಸ್ಕತ್ತಿನಲ್ಲಿ ಜೇನಿನ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿತು.

ಡಚ್ಚರು ಬಿಟ್ಟುಹೋದ ಮಾತು

ಇನ್ನು ಕುಕೀ ಎಂಬ ಹೆಸರಿಗೆ ಬರೋಣ. ಇದು ಇಂಗ್ಲಿಷ್ ಮಾತಲ್ಲ. ಡಚ್ ಭಾಷೆಯಲ್ಲಿ ಕೂಕ್ ಎಂದರೆ ಕೇಕು. ಕೂಕ್ಯೆ ಎಂದರೆ ಪುಟ್ಟ ಕೇಕು. ಇಂದಿನ ನ್ಯೂಯಾರ್ಕ್ ನಗರ ಒಂದು ಕಾಲಕ್ಕೆ ಡಚ್ಚರ ನ್ಯೂ ಆಮ್‌ಸ್ಟರ್‌ಡಾಮ್. 1664ರಲ್ಲಿ ಇಂಗ್ಲಿಷರು ಅದನ್ನು ವಶಪಡಿಸಿಕೊಂಡು ಹೆಸರು ಬದಲಿಸಿದರು. ಡಚ್ಚರನ್ನು ಓಡಿಸಲಿಲ್ಲ, ಅವರ ಮನೆ, ಚರ್ಚು, ವ್ಯಾಪಾರ ಎಲ್ಲವೂ ಹಾಗೆಯೇ ನಡೆದವು. ಭಾಷೆಯನ್ನು ಯಾರೂ ನಿಷೇಧಿಸಲಿಲ್ಲ. ಆದರೆ ಕಚೇರಿ ಇಂಗ್ಲಿಷಿನದು, ಶಾಲೆ ಇಂಗ್ಲಿಷಿನದು, ಪೇಟೆಯೂ ಕ್ರಮೇಣ ಇಂಗ್ಲಿಷಿನದೇ ಆಯಿತು. ಸರಿಯಾಗಿ ನೂರು ವರ್ಷಗಳ ಮೇಲೆ, 1764ರಲ್ಲಿ, ಆ ನಗರದ ಡಚ್ ಚರ್ಚಿನಲ್ಲಿಯೇ ಇಂಗ್ಲಿಷ್ ಪ್ರವಚನ ಆರಂಭವಾಯಿತು. ತರುಣರಿಗೆ ಡಚ್ ಅರ್ಥವಾಗುತ್ತಿರಲಿಲ್ಲ, ಬೇರೆ ದಾರಿಯಿರಲಿಲ್ಲ.

ಹಳ್ಳಿಗಳ ಕಡೆ ಇನ್ನಷ್ಟು ಕಾಲ ಉಳಿಯಿತು. 1837ರಿಂದ 1841ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರ ತಾಯ್ನುಡಿ ಡಚ್. ತಾಯ್ನುಡಿ ಇಂಗ್ಲಿಷಲ್ಲದ ಅಧ್ಯಕ್ಷರು ಆ ದೇಶಕ್ಕೆ ಅವರೊಬ್ಬರೇ. 20ನೇ ಶತಮಾನದ ಆರಂಭಕ್ಕೆ ಕೊನೆಯ ಮುದುಕರ ಜತೆ ಆ ಮಾತೂ ಮಣ್ಣಾಯಿತು. ಇಂದು ಅಲ್ಲಿ ಉಳಿದಿರುವುದು ಬಿಡಿ ಪದಗಳು: ತಿನ್ನಲು ಕುಕೀ, ಸಿಂಟರ್‌ಕ್ಲಾಸ್‌ನಿಂದ ಬಂದ ಸಾಂಟಾಕ್ಲಾಸ್, ಮತ್ತು ನಮ್ಮ ಕಚೇರಿಗಳಲ್ಲಿಯೂ ದಿನಕ್ಕೆ ಹತ್ತು ಸಲ ಕೇಳಿಬರುವ ಬಾಸ್. ಒಂದು ಜನಾಂಗ ಇಡೀ ಭಾಷೆಯನ್ನು ಕಳೆದುಕೊಂಡು ಒಂದು ತಿಂಡಿ, ಒಬ್ಬ ಮುದುಕ ಮತ್ತು ಒಬ್ಬ ಮೇಲಧಿಕಾರಿಯನ್ನು ಉಳಿಸಿಹೋಯಿತು!

ಕೊತ್ತಂಬರಿ ಬೀಜದ ಕುಕೀ

1796ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡಿನಲ್ಲಿ ಅಮೆರಿಕನ್ ಕುಕರಿ ಎಂಬ ಪುಸ್ತಕ ಅಚ್ಚಾಯಿತು. ಅಮೆರಿಕದವರೊಬ್ಬರು ಬರೆದು ಅಲ್ಲಿಯೇ ಪ್ರಕಟವಾದ ಮೊದಲ ಅಡುಗೆ ಪುಸ್ತಕವೆಂದು ಅದಕ್ಕೆ ಹೆಸರು. ಬರೆದಾಕೆ ಅಮೀಲಿಯಾ ಸಿಮನ್ಸ್. ಆಕೆಯ ಬಗ್ಗೆ ಮುಖಪುಟ ಹೇಳುವುದು ಒಂದೇ ಮಾತು, ಅನಾಥೆಯೆಂದು. ಆ ಪುಸ್ತಕದಲ್ಲಿ ಕ್ರಿಸ್‌ಮಸ್ ಕುಕೀಯ ವಿಧಾನವೊಂದಿದೆ. 3 ಪೌಂಡು ಹಿಟ್ಟು, 1 ಪೌಂಡು ಬೆಣ್ಣೆ, ಒಂದೂವರೆ ಪೌಂಡು ಸಕ್ಕರೆ, ಒಂದು ಬಟ್ಟಲು ಹಾಲು, ಮತ್ತು ನಮ್ಮ ಗೃಹಿಣಿಯರು ಹುಬ್ಬೇರಿಸುವಂತೆ ಒಂದು ಟೀ ಬಟ್ಟಲು ಕೊತ್ತಂಬರಿ ಬೀಜದ ಪುಡಿ! ನಾವು ಸಾರಿಗೆ ಹಾಕುವ ಧನಿಯಾ ಅಲ್ಲಿ ಕ್ರಿಸ್‌ಮಸ್ಸಿನ ಸಿಹಿಗೆ ಪರಿಮಳ ಕೊಡುತ್ತಿತ್ತು. ಮುಕ್ಕಾಲು ಅಂಗುಲ ದಪ್ಪ ಲಟ್ಟಿಸಿ, ಬೇಕಾದ ಆಕಾರಕ್ಕೆ ಕತ್ತರಿಸಿ ಇಲ್ಲವೆ ಅಚ್ಚೊತ್ತಿ, 15-20 ನಿಮಿಷ ನಿಧಾನವಾಗಿ ಬೇಯಿಸಬೇಕು. ಮಣ್ಣಿನ ಗಡಿಗೆಯಲ್ಲಿಟ್ಟರೆ ಆರು ತಿಂಗಳಾದ ಮೇಲೆ ಇನ್ನೂ ಮೆತ್ತಗಾಗಿ ರುಚಿಸುತ್ತದೆಯಂತೆ.

ಅದರಲ್ಲಿ ಇನ್ನೊಂದು ವಸ್ತು ಮೂರು ಟೀ ಚಮಚ ಪರ್ಲ್ ಆಶ್. ಕಟ್ಟಿಗೆಯ ಬೂದಿಯನ್ನು ನೀರಿನಲ್ಲಿ ಸೋಸಿ, ಬತ್ತಿಸಿ, ಸುಟ್ಟು ತೆಗೆದ ಬಿಳಿಯ ಕ್ಷಾರ ಇದು. ರಸಾಯನಶಾಸ್ತ್ರದ ಹೆಸರು ಪೊಟ್ಯಾಸಿಯಂ ಕಾರ್ಬೊನೇಟ್. ಹಪ್ಪಳಕ್ಕೆ ನಾವು ಹಾಕುವ ಖಾರದ ಜಾತಿಯದೇ. ಹುಳಿಯ ಅಂಶ ತಾಗಿದಾಗ ಇದರಿಂದ ಇಂಗಾಲಾಮ್ಲ ವಾಯು ಹೊರಟು ಹಿಟ್ಟು ಹಗುರಾಗುತ್ತದೆ. ಕಾಡು ಕಡಿದು ಹೊಲ ಮಾಡುತ್ತಿದ್ದ ಆ ಹೊಸ ನಾಡಿನಲ್ಲಿ ಬೂದಿಗೆ ಬರವಿರಲಿಲ್ಲ. ಅಮೆರಿಕ ಸರಕಾರ ಕೊಟ್ಟ ಮೊಟ್ಟಮೊದಲ ಪೇಟೆಂಟ್, 1790ರ ಜುಲೈ 31ರಂದು ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಎಂಬವನಿಗೆ ದೊರೆತದ್ದು, ಈ ಕ್ಷಾರವನ್ನು ಮಾಡುವ ವಿಧಾನಕ್ಕೇ. ಅದಕ್ಕೆ ಸಹಿ ಹಾಕಿದವರು ಸಾಕ್ಷಾತ್ ಜಾರ್ಜ್ ವಾಷಿಂಗ್ಟನ್. ಡಚ್ಚರ ಹೆಸರು, ಗುಲಾಮರು ಬೆಳೆದ ವೆಸ್ಟ್ ಇಂಡೀಸಿನ ಸಕ್ಕರೆ, ಅಮೆರಿಕದ ಕಾಡಿನ ಬೂದಿ, ಇಷ್ಟೂ ಸೇರಿ ಒಂದು ಕುಕೀ.

ಜರ್ಮನರ ತಗಡಿನ ಅಚ್ಚು

ಇಂದು ನಾವು ನೋಡುವ ನಕ್ಷತ್ರ, ಗಂಟೆಗಳ ಶೃಂಗಾರ ಮಾತ್ರ ಹೆಚ್ಚಾಗಿ ಜರ್ಮನರ ಕೊಡುಗೆ. 1683ರಲ್ಲಿ ಕ್ರೆಫೆಲ್ಡ್ ಊರಿನ 13 ಕುಟುಂಬಗಳು ಪೆನ್ಸಿಲ್ವೇನಿಯಕ್ಕೆ ಹೋಗಿ ಜರ್ಮನ್‌ಟೌನ್ ಎಂಬ ವಸತಿ ಸ್ಥಾಪಿಸಿದವು. ಮುಂದಿನ ನೂರು ವರ್ಷಗಳಲ್ಲಿ ಆ ಸಂಸ್ಥಾನದ ಜನರಲ್ಲಿ ಸುಮಾರು ಮೂರನೇ ಒಂದು ಪಾಲು ಜರ್ಮನರೇ ಆದರು. ಮೊರೇವಿಯನ್ ಪಂಥದವರು 1741ರ ಕ್ರಿಸ್‌ಮಸ್ ಹಿಂದಿನ ರಾತ್ರಿ ತಮ್ಮ ಹೊಸ ಊರಿಗೆ ಬೆತ್ಲೆಹೆಮ್ ಎಂದೇ ಹೆಸರಿಟ್ಟರು. ಕಾಗದದಷ್ಟು ತೆಳ್ಳಗೆ ಲಟ್ಟಿಸಿದ ಅವರ ಶುಂಠಿ ಕುಕೀ ಈಗಲೂ ಪ್ರಸಿದ್ಧ.

ಮರದ ಅಚ್ಚು ಕೆತ್ತುವುದು ನಿಧಾನದ ಕೆಲಸ. ಪೆನ್ಸಿಲ್ವೇನಿಯದ ತಗಡಿನ ಕೆಲಸದವರು ಉಳಿದ ತುಂಡು ತಗಡನ್ನು ಬಗ್ಗಿಸಿ, ಬೆಸೆದು ಹೃದಯ, ಹಕ್ಕಿ, ಕುದುರೆ, ನಕ್ಷತ್ರಗಳ ಅಚ್ಚು ಮಾಡಿಕೊಟ್ಟರು. ಹೀಗೆ ಕತ್ತರಿಸಿದ ಬಿಸ್ಕತ್ತುಗಳನ್ನು ಕ್ರಿಸ್‌ಮಸ್ ಮರಕ್ಕೆ ನೇತುಹಾಕುವ ರೂಢಿಯೂ ಬೆಳೆಯಿತು. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯಿಂದಲೇ ಅಗ್ಗದ ತಗಡಿನ ಅಚ್ಚುಗಳು ಹಡಗಿನಲ್ಲಿ ಬಂದು ಇಳಿದವು. ಜರ್ಮನರಲ್ಲದವರ ಅಡುಗೆಮನೆಗೂ ಹೊಕ್ಕವು.

ಬಣ್ಣದ ಅಲಂಕಾರಕ್ಕೂ ಒಂದು ಕರಾಳ ಅಧ್ಯಾಯವಿದೆ. ಲಂಡನ್ನಿಗೆ ವಲಸೆ ಬಂದಿದ್ದ ಜರ್ಮನ್ ರಸಾಯನಶಾಸ್ತ್ರಜ್ಞ ಫ್ರೆಡ್ರಿಕ್ ಆಕುಮ್ 1820ರಲ್ಲಿ ಆಹಾರದ ಕಲಬೆರಕೆಯ ಮೇಲೆ ಗ್ರಂಥ ಬರೆದು, ಮಕ್ಕಳ ಮಿಠಾಯಿಗೆ ಕೆಂಪು ಬರಲು ಸೀಸವನ್ನೂ ಹಸುರು ಬರಲು ತಾಮ್ರದ ವಿಷವನ್ನೂ ಬೆರೆಸುತ್ತಿದ್ದುದನ್ನು ಬಯಲಿಗೆಳೆದನು. ಅಮೆರಿಕದಲ್ಲಿ ಇದಕ್ಕೆ ಕಡಿವಾಣ ಹಾಕುವ ರಾಷ್ಟ್ರೀಯ ಕಾನೂನು ಬಂದದ್ದು 1906ರಲ್ಲಿ. ಇಂದಿನ ತಾಯಿ ನಿಶ್ಚಿಂತೆಯಿಂದ ಕೆಂಪು ನಕ್ಷತ್ರವನ್ನು ಮಗುವಿನ ಕೈಗೆ ಕೊಡುವುದರ ಹಿಂದೆ ಇಂಥವರ ಶ್ರಮವಿದೆ.

ಅಚ್ಚು ಉಳಿಯಿತು, ಮಾತು ಹೋಯಿತು

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಎದುರಾಳಿ ಜರ್ಮನಿ. ಒಮ್ಮೆಲೇ ಜರ್ಮನ್ ಮಾತಾಡುವುದು ದ್ರೋಹವೆಂಬಂತಾಯಿತು. ಹುಳಿ ಹಿಡಿಸಿದ ಎಲೆಕೋಸಿನ ಜರ್ಮನ್ ಹೆಸರು ಕೂಡ ಸಹಿಸದಾಗಿ ಅದನ್ನು ಸ್ವಾತಂತ್ರ್ಯ ಕೋಸು ಎಂದು ಕರೆದರು. 1919ರಲ್ಲಿ ನೆಬ್ರಾಸ್ಕ ಸಂಸ್ಥಾನ, ಎಂಟನೇ ತರಗತಿ ದಾಟದ ಮಕ್ಕಳಿಗೆ ಇಂಗ್ಲಿಷಲ್ಲದ ಆಡುಭಾಷೆ ಕಲಿಸುವುದನ್ನೇ ಅಪರಾಧವೆಂದು ಶಾಸನ ಮಾಡಿತು. 10 ವರ್ಷದ ಹುಡುಗನಿಗೆ ಜರ್ಮನ್ ಓದಲು ಕಲಿಸಿದನೆಂದು ರಾಬರ್ಟ್ ಮೇಯರ್ ಎಂಬ ಉಪಾಧ್ಯಾಯನಿಗೆ ಶಿಕ್ಷೆಯಾಯಿತು. 1923ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ತಳ್ಳಿಹಾಕಿತು. ಆದರೆ ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ತಂದೆತಾಯಿ ಮಕ್ಕಳೊಡನೆ ಇಂಗ್ಲಿಷಿಗೆ ಹೊರಳಿಯಾಗಿತ್ತು. ನ್ಯಾಯಾಲಯದ ತೀರ್ಪು ಶಾಲೆಯ ಬಾಗಿಲು ತೆರೆಯಬಲ್ಲದು; ಮನೆಯೊಳಗೆ ನಿಂತುಹೋದ ಮಾತನ್ನು ಅದು ಮತ್ತೆ ಹುಟ್ಟಿಸಲಾರದು.

ಕುಕೀಗೆ ಮಾತ್ರ ಯಾರೂ ತಂಟೆ ಮಾಡಲಿಲ್ಲ. ಅದು ಜರ್ಮನರದೆಂಬುದೇ ಜನಕ್ಕೆ ಮರೆತುಹೋಗಿತ್ತು. ಮೊಮ್ಮಕ್ಕಳು ಅಜ್ಜಿಯ ಅಚ್ಚಿನಿಂದ ನಕ್ಷತ್ರ ಕತ್ತರಿಸಿದರು, ಸಕ್ಕರೆ ಬಳಿದರು. ಅಜ್ಜಿ ಅದನ್ನು ಏನೆಂದು ಕರೆಯುತ್ತಿದ್ದಳೆಂದು ಮಾತ್ರ ಅವರಿಗೆ ತಿಳಿಯದು.

ಇಲ್ಲೊಂದು ಸ್ವಾರಸ್ಯವಿದೆ. ಪೆನ್ಸಿಲ್ವೇನಿಯದ ಜರ್ಮನರಲ್ಲಿ ಎರಡು ಬಗೆ. ಲೂಥರನ್ ಮುಂತಾದ ದೊಡ್ಡ ಚರ್ಚುಗಳಿಗೆ ಸೇರಿದವರನ್ನು ಶೋಕಿಯವರೆಂದೂ, ಆಮಿಶ್ ಮತ್ತು ಹಳೆಯ ಕಟ್ಟಳೆಯ ಮೆನೊನೈಟ್ ಪಂಥದವರನ್ನು ಸಾದಾ ಜನರೆಂದೂ ಅಲ್ಲಿ ಕರೆಯುವುದುಂಟು. ಕ್ರಿಸ್‌ಮಸ್ ಮರ, ಅದರ ಶೃಂಗಾರ, ಬಣ್ಣದ ಸಡಗರ ಶೋಕಿಯವರದು. ಸಾದಾ ಜನರು ಕುಕೀ ಮಾಡಿದರೂ ಆಡಂಬರ ಒಲ್ಲರು. ಮರ, ಸಾಂಟಾಕ್ಲಾಸ್ ಅವರಲ್ಲಿ ಸಾಮಾನ್ಯವಾಗಿ ಇಲ್ಲ. ಆದರೆ ಭಾಷೆ ಯಾರಲ್ಲಿ ಉಳಿಯಿತು? ಶೋಕಿಯವರ ಮಕ್ಕಳು ಅದನ್ನು ಬಿಟ್ಟರು. ಆಮಿಶರು ಸುಮಾರು 4 ಲಕ್ಷ ಜನರಿದ್ದಾರೆ, ಅವರ ಮನೆಯ ಮಾತು ಈಗಲೂ ಪೆನ್ಸಿಲ್ವೇನಿಯದ ಜರ್ಮನ್. ಇಂಗ್ಲಿಷನ್ನು ಅವರ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ, ಚೆನ್ನಾಗಿಯೇ ಆಡುತ್ತಾರೆ. ಮನೆಗೆ ಬಂದರೆ ಮನೆಯ ಮಾತು.

ಆಮಿಶರು ಮೋಟಾರು ಬಿಟ್ಟರು, ಹೈಸ್ಕೂಲು ಬಿಟ್ಟರು, ಲೋಕದಿಂದ ದೂರ ನಿಂತರು. ಹೊಟ್ಟೆಪಾಡಿಗೆಂದು ನಗರಕ್ಕೆ ಬಂದ ನಾವು ಹಾಗೆ ಮಾಡಲು ಬರುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಆದರೆ ಅವರ ಮಾತನ್ನು ಉಳಿಸಿದ್ದರಲ್ಲಿ ಖರ್ಚಿಲ್ಲದ ಒಂದು ಕೆಲಸವಿದೆ. ಕೂಸು ತೊಟ್ಟಿಲಲ್ಲಿರುವಾಗಿನಿಂದ ಅದರೊಡನೆ ಆ ಮಾತನ್ನೇ ಆಡುವುದು, ಅಷ್ಟೆ.

ನಮ್ಮ ಕಡಲಿನ ಸುತ್ತಲೂ ಇದೇ ಕಥೆ

ಡಚ್ಚರ ಕೂಕ್ಯೆ ನ್ಯೂಯಾರ್ಕಿಗೆ ಮಾತ್ರ ಹೋಗಲಿಲ್ಲ. 1796ರವರೆಗೆ ಸಿಂಹಳದ ಕರಾವಳಿ ಡಚ್ಚರ ಕೈಯಲ್ಲಿತ್ತು. ಇಂದಿಗೂ ಅಲ್ಲಿ ಏಪ್ರಿಲ್ ತಿಂಗಳ ಹೊಸ ವರ್ಷಕ್ಕೆ ಕಬ್ಬಿಣದ ಅಚ್ಚನ್ನು ಅಕ್ಕಿಹಿಟ್ಟು, ತೆಂಗಿನಹಾಲಿನ ಸಂಪಣದಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುವ ಗರಿಗರಿ ಹೂವಿಗೆ ಕೋಕಿಸ್ ಎಂದೇ ಹೆಸರು. ಅದೇ ಹೂವು ಕೇರಳದಲ್ಲಿ ಅಚ್ಚಪ್ಪಂ. ನಮ್ಮ ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿಯೂ ಕ್ರಿಸ್‌ಮಸ್ಸಿಗೆ ಅದು ತಪ್ಪದು. ಕುಲ್‌ಕುಲ್, ನೆವ್ರಿಗಳ ಜತೆಗೆ ತಟ್ಟೆಯಲ್ಲಿಟ್ಟು, ಕುಸ್ವಾರ್ ಎಂಬ ಹೆಸರಿನಲ್ಲಿ, ಜಾತಿಮತ ನೋಡದೆ ನೆರೆಮನೆಗಳಿಗೆ ಹಂಚುತ್ತಾರೆ. ಮುಂಬಯಿಯ ನಮ್ಮ ಕರಾವಳಿ ಬಂಧುಗಳಿಗೆ ಇದು ಹೊಸ ವಿಷಯವೇನಲ್ಲ. ಸಿಂಹಳದಲ್ಲಿ ಡಚ್ ಮಾತಾಡುವ ಮನೆ ಇಂದು ಹುಡುಕಿದರೂ ಸಿಗದು. ಕೋಕಿಸ್ ಮಾತ್ರ ಎಲ್ಲ ಮನೆಯಲ್ಲಿ.

ಮಾರಿಷಸ್ಸಿಗೆ ಕರಾರಿನ ಮೇಲೆ ಹೋದ ನಮ್ಮವರ ಸಂತತಿಯೂ ದೀಪಾವಳಿಗೆ ಗೆಣಸಿನ ಸಿಹಿ ಕಡುಬನ್ನು ತಪ್ಪದೆ ಮಾಡುತ್ತದೆ. ಅದಕ್ಕೆ ಅವರಿಟ್ಟ ಹೆಸರು ಗಾತೊ ಪತಾತ್, ಫ್ರೆಂಚ್ ಮೂಲದ್ದು. ಬಹುಪಾಲು ಮನೆಗಳಲ್ಲಿ ಇಂದು ಆಡುವ ಮಾತು ಭೋಜಪುರಿಯೂ ಅಲ್ಲ, ತಮಿಳು ತೆಲುಗೂ ಅಲ್ಲ, ಕ್ರಿಯೋಲ್.

ಹಬ್ಬದ ತಿಂಡಿಯ ಜೀವ ಗಟ್ಟಿ. ಅದು ಯಾರ ಸಹಾಯವೂ ಇಲ್ಲದೆ ಮೂರು ನಾಲ್ಕು ತಲೆಮಾರು ಬದುಕುತ್ತದೆ, ನೆರೆಯವರೂ ಅದನ್ನು ಬೆಳೆಸುತ್ತಾರೆ. ಮಾತಿನ ಜೀವ ಅಷ್ಟು ಗಟ್ಟಿಯಲ್ಲ. ಅದು ಒಂದು ತಲೆಮಾರು ಸುಮ್ಮನಾದರೆ ಸಾಕು, ಹೋಯಿತು. ನಮ್ಮ ಸಂಘಗಳಲ್ಲಿ ಯುಗಾದಿಗೆ ಹೋಳಿಗೆ, ಸಂಕ್ರಾಂತಿಗೆ ಎಳ್ಳು ಹಂಚಿ, ಕನ್ನಡವನ್ನು ಉಳಿಸಿದೆವೆಂದು ನಾವು ನೆಮ್ಮದಿಪಡುವಾಗ ಈ ಲೆಕ್ಕ ನೆನಪಿರಬೇಕು. ಹೋಳಿಗೆ ಹೇಗೂ ಉಳಿಯುತ್ತದೆ.

ಕ್ರಿಸ್‌ಮಸ್ ಕಳೆದು ಮೂರು ವಾರಕ್ಕೆ ಸಂಕ್ರಾಂತಿ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎಂದು ನಮ್ಮ ಹಿರಿಯರು ಹೇಳಿದರು. ಬರಿಯ ತಿನ್ನಿ ಎಂದು ಹೇಳಿ ಅವರು ನಿಲ್ಲಿಸಲಿಲ್ಲ. ಈ ಸಲ ತಟ್ಟೆ ಹಿಡಿದು ನೆರೆಮನೆಗೆ ಹೊರಟ ಮಗಳು ಮರಾಠಿಯವರೇ ಇರಲಿ, ತಮಿಳರೇ ಇರಲಿ, ಆ ಮಾತನ್ನು ಮೊದಲು ಕನ್ನಡದಲ್ಲಿ ಹೇಳಿ ಆಮೇಲೆ ಅವರ ಭಾಷೆಯಲ್ಲಿ ಹೇಳಲಿ. ತಟ್ಟೆಯಲ್ಲಿರುವ ಸಕ್ಕರೆಯ ಗಿಳಿಗೆ ಗಿಳಿಯೆಂದೂ, ಆನೆಗೆ ಆನೆಯೆಂದೂ, ತುಳಸಿಕಟ್ಟೆಗೆ ತುಳಸಿಕಟ್ಟೆಯೆಂದೂ ಹೆಸರು ಹೇಳಲು ಆಕೆಗೆ ಬರಲಿ.